ಭಾನುವಾರದ ಬುತ್ತಿಗೆ ಕಡಂಬುಟ್ಟು

ಮಡಿಕೇರಿಯ ರಾಜಾಸೀಟು, ಅಬ್ಬಿ ಜಲಪಾತಕ್ಕೆ ಹೋಗದಿದ್ದರೇನಂತೆ, ಮನೆಯವರಷ್ಟೇ ಬುತ್ತಿ ಹಿಡಿದು ತೋಟದ ಮರದಡಿ ಕೂತರೂ ಪಿಕ್ನಿಕ್ಕೇ. ಬುತ್ತಿಗೆ ಕೊಡಗಿನ ಅಕ್ಕಿತರಿ ಉಂಡೆ ಕಡಂಬುಟ್ಟು ಒಳ್ಳೇದು.

ಒಂದು ಲೋಟ ಅಕ್ಕಿತರಿಗೆ ಎರಡೂವರೆ ಲೋಟ ನೀರು. ಉಪ್ಪು, ಒಂದು ಚಮಚ ತುಪ್ಪ ಹಾಕಿ ನೀರು ಕುದಿಸಿ, ಉರಿ ತಗ್ಗಿಸಿ, ತರಿಯನ್ನು ಉದುರಿಸುತ್ತಾ ಕೈಯಾಡಿಸಿ. ಒಮ್ಮೆಲೇ ಸುರಿದರೆ ಗಂಟು ಗ್ಯಾರಂಟಿ! ನೀರು ಇಂಗಿದ ಮೇಲೆ ಮುಚ್ಚಿ 5 ನಿಮಿಷ ಬಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ, ಅಂಗೈ ಒದ್ದೆ ಮಾಡಿಕೊಂಡು ನಿಂಬೆಗಾತ್ರದ ಉಂಡೆ ಕಟ್ಟಿ. ಪೂರ್ತಿ ಆರಿದರೆ ಬಿರುಕು ಬಿಡುತ್ತೆ. ಹಬೆಯಲ್ಲಿ 15-20 ನಿಮಿಷ. ಮುಚ್ಚಳಕ್ಕೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಉಂಡೆ ಅಂಟಂಟಾಗುತ್ತೆ.

ಇದರ ಜೊತೆಗೆ ಪಂದಿಕರಿ (ಕೊಡಗಿನ ಹಂದಿಮಾಂಸದ ಸಾರು) ಮಾಡುವವರು ಕಾಚಂಪುಳಿಯನ್ನು (ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ಕೊಡಗಿನ ಕಪ್ಪು ಹುಳಿ) ಮಾಂಸ ಬೆಂದ ಮೇಲೆ, ಕೊನೆಗೇ ಹಾಕಿ. ಕೆಜಿಗೆ ಒಂದು ಚಮಚದಿಂದ ಶುರುಮಾಡಿ ರುಚಿ ನೋಡಿ.