ಆಗ ಮಗು ಯಾರ ಹತ್ತಿರ ಇತ್ತು?

ಕರಡು ಓದಿಕೊಟ್ಟವರನ್ನು ‘ಹೇಗಿದೆ?’ ಎಂದು ಕೇಳುವುದನ್ನು ನಾನು ಬಹಳ ಹಿಂದೆಯೇ ಬಿಟ್ಟಿದ್ದೇನೆ. ಹಾಗೆ ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಅದು ದಾಕ್ಷಿಣ್ಯದ ಮಾತು, ಅದನ್ನು ನಂಬಿ ಒಂದು ಸಾಲನ್ನೂ ತಿದ್ದಲಾಗದು.

ಈ ಸಲ ಬರೆದದ್ದು ರೊಮ್ಯಾಂಟಿಕ್ ಸಸ್ಪೆನ್ಸ್, ಅಂದರೆ ಪ್ರೇಮವೂ ರಹಸ್ಯವೂ ಬೆರೆತ ಕಾದಂಬರಿ. ಹೆಂಡತಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಆರು ವರ್ಷದ ಮಗಳನ್ನು ಒಬ್ಬನೇ ಸಾಕುತ್ತಿರುವ ಗಂಡಸು, ಪಕ್ಕದ ಮನೆಗೆ ಬಾಡಿಗೆಗೆ ಬರುವ ಹೆಂಗಸು, ಅದು ಅಪಘಾತವೇ ಅಲ್ಲ ಎನ್ನುತ್ತ ಬಾಗಿಲ ಸಂದಿಯಿಂದ ತೂರಿಬರುವ ಹೆಸರಿಲ್ಲದ ಕಾಗದಗಳು. ಓದುಗರಿಂದ ನನಗೆ ಬೇಕಾಗಿದ್ದು ಇಷ್ಟೇ: ಎಲ್ಲಿ ಓದು ನಿಲ್ಲಿಸಿ ಎದ್ದಿರಿ, ಪ್ರತಿ ಅಧ್ಯಾಯದ ಕೊನೆಗೆ ಯಾರ ಮೇಲೆ ಅನುಮಾನ ಬಂತು, ಯಾವ ಪುಟದಲ್ಲಿ ‘ಇದು ಹೀಗೆ ನಡೆಯುವುದಿಲ್ಲ’ ಅನ್ನಿಸಿತು. ಅನ್ನಿಸಿದ ಕೂಡಲೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು ಎಂಬುದು ಷರತ್ತು. ಓದಿ ಮುಗಿಸಿ, ನೆನಪಿಸಿಕೊಂಡು ಹೇಳುವ ಅಭಿಪ್ರಾಯಕ್ಕೆ ಆಗಲೇ ಸಭ್ಯತೆಯ ಇಸ್ತ್ರಿ ಬಿದ್ದಿರುತ್ತದೆ.

ಅನುಮಾನದ ಪಟ್ಟಿ ನಾನು ಎಣಿಸಿದಂತೆಯೇ ಬಂತು. ಮೊದಲು ಪಕ್ಕದ ಮನೆಯವಳು, ಆಮೇಲೆ ಹೆಂಡತಿಯ ತಮ್ಮ, ಕಡೆಗೆ ಸರಿಯಾದ ವ್ಯಕ್ತಿ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ. ಕಾಗದ ತೂರಿಸಿ ಓಡಿದವನ ಬೆನ್ನಟ್ಟಿ ನಾಯಕ ರಾತ್ರಿ ಹೊರಗೆ ಧಾವಿಸುವ ಅಧ್ಯಾಯವೊಂದಿತ್ತು. ಪಾಳುಬಿದ್ದ ಗೋದಾಮು, ಮಳೆ, ಟಾರ್ಚಿನ ಬೆಳಕು ಎಲ್ಲ ಸೇರಿಸಿ, ಇಷ್ಟಪಟ್ಟು ಬರೆದ ಪುಟಗಳು. ಹೆಚ್ಚಿನ ಪ್ರತಿಗಳಲ್ಲಿ ಅಲ್ಲೇ ಪೆನ್ಸಿಲಿನ ಗೆರೆ: ‘ಈಗ ಮಗು ಯಾರ ಹತ್ತಿರ ಇದೆ?’ ಇನ್ನೊಬ್ಬರದು ಇನ್ನೂ ಖಾರ: ‘ಬೀಗ ಹಾಕಿಕೊಂಡು ಹೋದನೋ, ತೆರೆದಿಟ್ಟು ಹೋದನೋ? ಎರಡನ್ನೂ ನಾನು ಕ್ಷಮಿಸಲಾರೆ.’ ಗೋದಾಮಿನಲ್ಲಿ ಏನಾದರೂ ಆಗಲಿ, ಅವರ ಮನಸ್ಸು ಮಗು ಮಲಗಿದ ಕೋಣೆಯನ್ನು ಬಿಟ್ಟು ಬಂದಿರಲಿಲ್ಲ.

ಪರಿಹಾರವನ್ನೂ ಅವರೇ ಸೂಚಿಸಿದ್ದರು: ಮನೆಗೊಬ್ಬ ಅಜ್ಜಿಯನ್ನು ತನ್ನಿ. ಏನೋ ಸರಿಯಿಲ್ಲ ಎಂದು ಓದುಗರು ಹೇಳಿದರೆ ಅದು ಬಹುಪಾಲು ನಿಜವಾಗಿರುತ್ತದೆ, ಹೇಗೆ ಸರಿಪಡಿಸಬೇಕೆಂದು ಹೇಳಿದರೆ ಬಹುಪಾಲು ತಪ್ಪಾಗಿರುತ್ತದೆ ಎಂದು ಇಂಗ್ಲಿಷ್ ಕಾದಂಬರಿಕಾರ ನೀಲ್ ಗೈಮನ್ ಬರಹಗಾರರಿಗೆ ಹೇಳಿದ್ದುಂಟು. ಇಲ್ಲಿ ಅದು ಅಕ್ಷರಶಃ ಹೊಂದಿತು. ಅಜ್ಜಿ ಬಂದರೆ ಇಡೀ ಕತೆ ನಿಂತಿರುವ ಒಂಟಿತನವೇ ಹೋಯಿತು! ನಾನು ಗೋದಾಮನ್ನೇ ಕಿತ್ತುಹಾಕಿದೆ. ಈಗ ಅವನು ಹೊಸ್ತಿಲವರೆಗೆ ಓಡಿ ನಿಲ್ಲುತ್ತಾನೆ. ಗೇಟಿನಾಚೆ ಹೆಜ್ಜೆಯ ಸದ್ದು ದೂರವಾಗುತ್ತಿದೆ, ಒಳಗೆ ಮಗಳು ಕೆಮ್ಮುತ್ತಿದ್ದಾಳೆ. ಅವನು ಬಾಗಿಲು ಹಾಕಿ ಚಿಲಕ ಜಡಿಯುತ್ತಾನೆ. ಮೇಜಿನ ಕೆಳಗಿರುವ ಬಾಂಬು ಪ್ರೇಕ್ಷಕರಿಗೆ ತಿಳಿಯದೆ ಸಿಡಿದರೆ 15 ಸೆಕೆಂಡುಗಳ ಬೆರಗು, ಮೊದಲೇ ತಿಳಿದಿದ್ದರೆ 15 ನಿಮಿಷಗಳ ಕಾತರ ಎಂದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಕೊಟ್ಟ ಸಂದರ್ಶನದಲ್ಲಿ ವಿವರಿಸಿದ್ದರು. ತಂದೆ ಮನೆ ಬಿಟ್ಟು ಹೊರಡಲಾರ ಎಂಬುದು ಓದುಗರಿಗೂ ಗೊತ್ತು, ಕಾಗದ ಹಾಕುವವನಿಗೂ ಗೊತ್ತು. ಆಮೇಲಿನ ಅಧ್ಯಾಯಗಳ ಕಾತರವೆಲ್ಲ ಅಲ್ಲಿಂದಲೇ ಹುಟ್ಟಿತು.

ಆದರೆ ಗೈಮನ್ ಮಾತನ್ನು ನಾನು ಎಲ್ಲರಿಗೂ ಅನ್ವಯಿಸುವುದಿಲ್ಲ. ಓದಿದವರಲ್ಲಿ ಒಬ್ಬರು ಮಗಳನ್ನು ಒಬ್ಬರೇ ಬೆಳೆಸಿದವರು. ಅವರು ಸೂಚಿಸಿದ ತಿದ್ದುಪಡಿಗಳನ್ನು ಹಾಗೆಹಾಗೆಯೇ ತೆಗೆದುಕೊಂಡೆ. ನಾಯಕ ಮಗಳಿಗೆ ಜಡೆ ಹೆಣೆಯುವ ಕಡೆ ಅವರು ಬರೆದದ್ದು: ‘ಹೆಣೆಯುವುದು ಬೇಗ ಬರುತ್ತದೆ, ಬೈತಲೆ ನೆಟ್ಟಗೆ ಬರುವುದಿಲ್ಲ. ಮಗು ತಲೆ ಅಲ್ಲಾಡಿಸುತ್ತದೆ.’ ಇನ್ನೊಂದು ಕಡೆ, ಶಾಲೆಯ ಅರ್ಜಿ ತುಂಬುವ ಪುಟದ ಪಕ್ಕದಲ್ಲಿ: ‘ತಾಯಿಯ ಹೆಸರಿನ ಜಾಗ ನೋಡಿ ಅವನು ಅಳುತ್ತಾನೆ ಎಂದು ಬರೆದಿದ್ದೀರಿ. ಅದಕ್ಕಿಂತ ಕಷ್ಟದ್ದು ಕೆಳಗಿದೆ. ತುರ್ತು ಸಂದರ್ಭಕ್ಕೆ ಎರಡನೆಯ ಫೋನ್ ನಂಬರ್ ಕೇಳುತ್ತಾರೆ. ಯಾರದ್ದು ಬರೆಯುವುದು?’

ಅಳುವ ದೃಶ್ಯ ಹೋಯಿತು, ಖಾಲಿ ಬಿಟ್ಟ ಆ ಜಾಗ ಉಳಿಯಿತು. ಇಡೀ ಪ್ರೇಮಕಥೆಗೆ ಅದೇ ದಾರಿ ಮಾಡಿಕೊಟ್ಟಿತು ಎಂದರೂ ಸರಿಯೇ. ಮುಂದೆ ಅವನು ಆ ಜಾಗದಲ್ಲಿ ಪಕ್ಕದ ಮನೆಯವಳ ನಂಬರ್ ಬರೆಯುತ್ತಾನೆ. ಪ್ರೀತಿ ಹೇಳಿಕೊಳ್ಳುವುದಕ್ಕೆ ಅವನಿಗೆ ಬೇರೆ ಮಾತು ಬೇಕಾಗಲಿಲ್ಲ ಎಂದು ನಾನು ಬೀಗುತ್ತಿದ್ದಾಗ, ಒಬ್ಬ ಮಹಿಳೆಯಿಂದ ಎರಡೇ ಪದ ಬಂದವು: ‘ಅವಳನ್ನು ಕೇಳಿದನೇ?’ ಅವರ ಆಕ್ಷೇಪ ಬರೀ ಆ ಪುಟದ್ದಲ್ಲ. ನಾಯಕಿ ಮಗುವಿಗೆ ಊಟ ಮಾಡಿಸುತ್ತಾಳೆ, ಜ್ವರ ನೋಡುತ್ತಾಳೆ, ಶಾಲೆಯಿಂದ ಕರೆತರುತ್ತಾಳೆ. ಅವನು ಪ್ರೀತಿಸುತ್ತಿರುವುದು ಅವಳನ್ನೋ ಅಥವಾ ಮನೆಗೆ ಬೇಕಾಗಿದ್ದ ಇನ್ನೆರಡು ಕೈಗಳನ್ನೋ ಎಂಬುದು ಅವರ ಸಂಶಯ. ಇಂಥ ಕತೆಗಳನ್ನು ಓದುವ ಹಲವರಲ್ಲಿ ಈ ಸಂಶಯ ಇದೆ, ಇರಬೇಕಾದದ್ದೇ. ಈಗ ಅವನು ಅರ್ಜಿ ಹಿಡಿದು ಅವಳ ಬಾಗಿಲು ತಟ್ಟುತ್ತಾನೆ. ಅವಳು ಒಂದು ದಿನ ಯೋಚಿಸುವುದಕ್ಕೆ ಬಿಡಿ ಎನ್ನುತ್ತಾಳೆ. ಅವಳಿಗೆ ಅವಳದೇ ಆದ ಕೆಲಸ, ಅವಳದೇ ಆದ ಭಯ ಬಂದದ್ದು ಆ ಒಂದು ದಿನವನ್ನು ತುಂಬಿಸಹೊರಟಾಗ.

ಕೊನೆಯ ಅಧ್ಯಾಯದ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಮದುವೆ ಬೇಕು ಎಂದವರು ಬಹಳ ಮಂದಿ. ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆ ಕೂಡ ಕೇಳುವುದು ಎರಡನ್ನೇ: ಕೇಂದ್ರದಲ್ಲೊಂದು ಪ್ರೇಮಕಥೆ, ಮನಸ್ಸಿಗೆ ಸಮಾಧಾನ ಕೊಡುವ ಭರವಸೆಯ ಕೊನೆ. ಮದುವೆಯ ಮಾತು ಅದರಲ್ಲಿಲ್ಲ. ಹೆಂಡತಿಯನ್ನು ಕೊಂದವನು ಸಿಕ್ಕಿಬಿದ್ದ ವಾರವೇ ಮದುವೆಯಾಗುವ ಗಂಡಸನ್ನು ಆ ಮಗು ಹೇಗೆ ನಂಬೀತು? ಕೊನೆಯಲ್ಲಿ ಮಗಳನ್ನೇ ಅಪಹರಿಸಿದರೆ ಬಿಗಿ ಬರುತ್ತದೆ ಎಂದವರೂ ಇದ್ದರು. ಅವರಿಗೆ ವಂದನೆ ತಿಳಿಸಿ ಹಾಳೆಗಳನ್ನು ತೆಗೆದಿಟ್ಟೆ.