ಕಿವಿ ಮಂದ ಇರುವವರು ಆಫೀಸಿನಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

ನನಗೆ ಎರಡೂ ಕಿವಿ ಮಂದ. ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಆಗಿನಿಂದ ಕಿವಿ ಮಿಷನ್ ಹಾಕುತ್ತೇನೆ. ಶಾಲೆಯಲ್ಲಿ "ಇನ್ನೊಂದು ಸಲ ಹೇಳಿ ಸಾರ್" ಅಂದರೆ ಕೆಲವು ಮೇಷ್ಟ್ರು ರೇಗುತ್ತಿದ್ದರು, ಹಿಂದಿನ ಬೆಂಚಿನವರು ನಗುತ್ತಿದ್ದರು. ಹಾಗಾಗಿ ತಿಳಿಯದಿದ್ದರೂ ತಲೆ ಆಡಿಸುವುದು ಅಭ್ಯಾಸವಾಯಿತು.

ಕೆಲಸಕ್ಕೆ ಸೇರಿದ ಮೇಲೂ ಮೂರು ವರ್ಷ ಅದನ್ನೇ ಮಾಡಿದೆ. ಒಮ್ಮೆ ಮೀಟಿಂಗ್‌ನಲ್ಲಿ ಹದಿನೈದನೇ ತಾರೀಖು ಅಂದದ್ದು ನನಗೆ ಇಪ್ಪತ್ತೈದು ಅಂತ ಕೇಳಿಸಿತು, ಕೆಲಸ ಹತ್ತು ದಿನ ತಡವಾಯಿತು, ಆ ವರ್ಷದ ಅಪ್ರೈಸಲ್‌ನಲ್ಲಿ "ಗಮನ ಕಡಿಮೆ" ಅಂತ ಬರೆದರು. ತುಂಬಾ ನೋವಾಯಿತು.

ಅದೇ ಟೀಮಿಗೆ ಆಮೇಲೆ ಇನ್ನೊಬ್ಬರು ಬಂದರು. ಮೂವತ್ತು ದಾಟಿದ ಮೇಲೆ ಕಾಯಿಲೆಯಿಂದ ಅವರ ಕಿವಿ ಮಂದವಾಗಿತ್ತು. ಸೇರಿದ ಮೊದಲ ವಾರವೇ "ಕಾಲ್‌ನಲ್ಲಿ ಕ್ಯಾಪ್ಷನ್ ಹಾಕಿ, ಒಬ್ಬರಾದ ಮೇಲೆ ಒಬ್ಬರು ಮಾತಾಡಿ" ಅಂತ ಹೇಳಿಬಿಟ್ಟರು (ಕ್ಯಾಪ್ಷನ್ ಅಂದರೆ ಆಡಿದ ಮಾತು ಸ್ಕ್ರೀನ್ ಮೇಲೆ ಅಕ್ಷರವಾಗಿ ಬರುವುದು). ಎಲ್ಲರೂ ಸರಿ ಅಂದರು. ನನಗೆ ಆಶ್ಚರ್ಯವಾಯಿತು, ಇಷ್ಟು ಸುಲಭವಾ ಅಂತ. ಅವರು ಮೂವತ್ತು ವರ್ಷ ಕೇಳಿದ್ದಕ್ಕೆ ಉತ್ತರ ಪಡೆದು ಬೆಳೆದವರು, ನಾನು ಕೇಳಿದರೆ ಬೈಸಿಕೊಂಡು ಬೆಳೆದವಳು. ಆಫೀಸು ಒಂದೇ, ಅದರ ಮೇಲೆ ನಾವಿಬ್ಬರೂ ಇಟ್ಟುಕೊಂಡಿದ್ದ ನಿರೀಕ್ಷೆ ಬೇರೆ ಬೇರೆ.

ನಿಮಗೂ ಹೀಗೆ ಅನಿಸಿದ್ದರೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೀವು ಹೊರಗುಳಿದೆ ಅನಿಸಿದ ಎರಡು ಮೂರು ಸಂದರ್ಭ ಬರೆಯಿರಿ. ಆಮೇಲೆ ನಿರಾಳವಾಗಿದ್ದ ಸಂದರ್ಭಗಳನ್ನೂ ಬರೆಯಿರಿ, ಇದು ಜಾಸ್ತಿ ಮುಖ್ಯ. ಅಲ್ಲಿ ಎದುರಿನವರು ಸರಿಯಾಗಿ ಏನು ಮಾಡಿದರು ಅಂತ ನೆನಪಿಸಿಕೊಳ್ಳಿ. ಅಮ್ಮ ಭುಜ ತಟ್ಟಿ ಆಮೇಲೆ ಮಾತು ಶುರು ಮಾಡುತ್ತಿದ್ದಳು. ಲೆಕ್ಕದ ಟೀಚರ್ ಬೋರ್ಡಿನ ಮೇಲೆ ಬರೆದು ಮುಗಿಸಿ, ನಮ್ಮ ಕಡೆ ತಿರುಗಿಯೇ ಮಾತಾಡುತ್ತಿದ್ದರು, ಅವರ ಕ್ಲಾಸಿನಲ್ಲಿ ನನಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. ಆಫೀಸಿನಲ್ಲಿ ನಾನು ಕೇಳಿದ ಮೊದಲ ವಿಷಯ ಅಲ್ಲಿಂದಲೇ ಬಂತು: ಮಾತಾಡುವಾಗ ಮುಖ ನನ್ನ ಕಡೆ ಇರಲಿ.

ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ. ಈ ಆಫೀಸಿನಲ್ಲಿ ಯಾರಾದರೂ ನಿಜವಾಗಿ ಇಲ್ಲ ಅಂದಿದ್ದಾರಾ, ಇಲ್ಲಾ ಹಳೇ ಭಯವೇ ಮಾತಾಡುತ್ತಿದೆಯಾ? ಯಾರೂ ಇಲ್ಲ ಅಂದಿಲ್ಲದಿದ್ದರೆ ಚಿಕ್ಕದೊಂದು ಕೇಳಿ ನೋಡಿ. ಕುಳಿತುಕೊಳ್ಳುವ ಜಾಗ ಬದಲಿಸುವುದು ಒಳ್ಳೇ ಆರಂಭ, ಬೆನ್ನ ಹಿಂದೆ ಗೋಡೆ ಇದ್ದರೆ ಹಿಂದಿನಿಂದ ಯಾರೋ ಕರೆದರು ಅನ್ನುವ ಆತಂಕ ಇರುವುದಿಲ್ಲ. ಮೂರು ನಾಲ್ಕು ಸಲ ಕೇಳಿದರೂ ತಳ್ಳಿಹಾಕಿದರೆ ಆಗ ನಿಮ್ಮ ಅನುಮಾನ ಸರಿಯೇ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕೇಳುವಾಗ "ಸ್ವಲ್ಪ ಸಹಾಯ ಮಾಡಿ" ಅಂದರೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಮ್ಯಾನೇಜರ್‌ಗೆ ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು: "ನನಗೆ ಕಿವಿ ಮಂದ. ಮೀಟಿಂಗ್‌ಗೆ ಮುಂಚೆ ವಿಷಯಗಳ ಪಟ್ಟಿ ಕಳಿಸಿದರೆ ಮತ್ತು ಮುಗಿದ ಮೇಲೆ ತಾರೀಖು, ಯಾರ ಕೆಲಸ ಯಾವುದು ಅಂತ ಚಾಟ್‌ನಲ್ಲಿ ಹಾಕಿದರೆ ನನ್ನ ಕೆಲಸ ತಪ್ಪುವುದಿಲ್ಲ. ಆನ್‌ಲೈನ್ ಆದರೆ ಕ್ಯಾಪ್ಷನ್ ಬೇಕು. ತುರ್ತು ವಿಷಯಕ್ಕೆ ಫೋನ್ ಬದಲು ಮೆಸೇಜ್ ಮಾಡಿ." ಮುಖತಃ ಹೇಳಿದರೂ ಆಮೇಲೆ ಬರಹದಲ್ಲಿ ಕಳಿಸಿ. ಮ್ಯಾನೇಜರ್ ಬದಲಾದಾಗ ಮತ್ತೆ ಮೊದಲಿಂದ ವಿವರಿಸುವ ಕಷ್ಟ ತಪ್ಪುತ್ತದೆ. ಕ್ಯಾಪ್ಷನ್ ಮೇಲೆ ಪೂರ್ತಿ ನಂಬಿಕೆ ಮಾತ್ರ ಬೇಡ, ಹೆಸರು ಮತ್ತು ಸಂಖ್ಯೆಗಳನ್ನು ಅದು ಆಗಾಗ ತಪ್ಪಾಗಿ ತೋರಿಸುತ್ತದೆ.

ಕಾನೂನೂ ಗೊತ್ತಿರಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್‌ನಷ್ಟು (ಡೆಸಿಬೆಲ್ ಅಂದರೆ ಶಬ್ದದ ಜೋರಿನ ಅಳತೆ) ಕೇಳಿಸುವುದು ಕಡಿಮೆಯಾಗಿದ್ದರೆ ಕಿವಿ ಮಂದ ಅಂತಲೂ, ಎರಡೂ ಕಿವಿಯಲ್ಲಿ 70 ಡೆಸಿಬೆಲ್ ಆದರೆ ಕಿವುಡು ಅಂತಲೂ ಅದು ಹೇಳುತ್ತದೆ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಖಾಸಗಿ ಸಂಸ್ಥೆ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು, ಏನೇನು ಅನುಕೂಲ ಕೊಡುತ್ತೇವೆ ಅಂತ ಅದರಲ್ಲಿ ಇರಬೇಕು, ಇದಕ್ಕೆಂದು ಒಬ್ಬ ಅಧಿಕಾರಿಯನ್ನೂ ನೇಮಿಸಬೇಕು. ಎಚ್‌ಆರ್ ಹತ್ತಿರ ಹೋಗಿ ಆ ನೀತಿಯ ಪ್ರತಿ ಕೇಳಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಟ್ಟುಕೊಂಡಿದ್ದರೆ ಒಳ್ಳೆಯದು. ಒಂದೇ ಕಿವಿಯ ತೊಂದರೆ ಇರುವವರು ಈ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಜಾಗ ಬದಲಿಸಿ ಅಂತ ಕೇಳಲು ಕಾರ್ಡ್ ಬೇಕಿಲ್ಲ ಅಲ್ವಾ.

ನೀವು ಟೀಮ್ ನಡೆಸುವವರಾದರೆ ಒಂದು ಮಾತು. ಏನೂ ಕೇಳದವರಿಗೆ ಏನೂ ಬೇಡ ಅಂದುಕೊಳ್ಳಬೇಡಿ. ಹೊಸದಾಗಿ ಸೇರಿದ ಪ್ರತಿಯೊಬ್ಬರನ್ನೂ "ನಿಮಗೆ ಕೆಲಸ ಸಲೀಸಾಗಲು ಏನು ಬೇಕು" ಅಂತ ಕೇಳಿ, ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ಮೊದಲ ಸಲ "ಏನೂ ಬೇಡ ಸಾರ್" ಅಂದವರು ಎರಡನೇ ಸಲ ಹೇಳಬಹುದು. ಒಬ್ಬರಿಗೆ ಕ್ಯಾಪ್ಷನ್ ಸಾಕಾಯಿತು ಅಂತ ಇನ್ನೊಬ್ಬರಿಗೂ ಅದೇ ಸಾಕು ಅಂತಲ್ಲ.

ಇಷ್ಟೆಲ್ಲ ಆದರೂ ಮಾತು ತಪ್ಪುವ ದಿನಗಳು ಇದ್ದೇ ಇರುತ್ತವೆ. ಆಗ "ಏನು?" ಅಂದರೆ ಜನ ಅದನ್ನೇ ಇನ್ನೂ ಜೋರಾಗಿ ಹೇಳುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಕೇಳಿಸಿದ್ದಷ್ಟನ್ನು ನೀವೇ ಹೇಳಿ, ತಪ್ಪಿದ್ದನ್ನು ಮಾತ್ರ ಕೇಳಿ. ನಾನು ಈಗ ಹೀಗೆ ಕೇಳುತ್ತೇನೆ: "ರಿಪೋರ್ಟ್ ನನ್ನದು ಅಂತ ಗೊತ್ತಾಯಿತು, ತಾರೀಖು ಹದಿನೈದು ಅಂದಿರಾ, ಇಪ್ಪತ್ತೈದು ಅಂದಿರಾ?"