ಮಡಿಕೇರಿ ಮಳೆಗೂ ಜಗ್ಗದ ಗೊಬ್ಬರ

ಜೋರು ಮಳೆಯಲ್ಲೂ ಅಡುಗೆಮನೆ ಕಸದಿಂದ ಗೊಬ್ಬರ ಮಾಡುವ ದಾರಿ ಇದು. ಕೊಡಗಿನಲ್ಲೇ ಕುಶಾಲನಗರದ ಕಡೆಯವರಿಗೆ ಬೇಕಾಗಿಲ್ಲ. ಅಲ್ಲಿ ಮಳೆ ಕಡಿಮೆ, ಗುಂಡಿ ತೋಡಿ ಕಸ ಹಾಕಿದರೂ ಗೊಬ್ಬರವಾಗುತ್ತದೆ. ಮಡಿಕೇರಿ, ಮಾದಾಪುರ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಅಂಥವರಿಗೆ ಬರೆಯುತ್ತಿದ್ದೇನೆ.

ಗುಂಡಿಯ ಕಥೆ ನಿಮಗೂ ಗೊತ್ತಲ್ವಾ? ಆರಿದ್ರಾ ಮಳೆ ಹಿಡಿದರೆ ಒಳಗೆ ಮೊಣಕಾಲುದ್ದ ನೀರು, ಮೇಲೆ ನೊಣ. "ಇದು ಗೊಬ್ಬರ ಅಲ್ಲ ಮಾರಾಯ, ಕಷಾಯ" ಅಂತ ಪಕ್ಕದ ಮನೆ ಮಾವ ಮೂಗು ಮುಚ್ಚಿಕೊಂಡರು. ಆಮೇಲೆ ತೂತು ಕೊರೆದ ಪ್ಲಾಸ್ಟಿಕ್ ಡ್ರಮ್ಮು, ಸುಮಾರು 1,500 ರೂಪಾಯಿ. ಗಾಳಿ ಸಾಲದೆ ಒಳಗೆಲ್ಲಾ ಗಂಜಿ. ಮುಂದಿನ ವರ್ಷ ಎರೆಹುಳು. ಕಿಲೋಗೆ ನಾನೂರರ ಹತ್ತಿರ ಕೊಟ್ಟ ನೆನಪು. ಒಂದು ರಾತ್ರಿ ಜೋರು ಮಳೆ ಹೊಡೆಯಿತು, ಬೆಳಿಗ್ಗೆ ನೋಡಿದರೆ ಹುಳುಗಳು ತೊಟ್ಟಿಯ ಗೋಡೆ ಹತ್ತಿ ಹೊರಟಿದ್ದವು. ಉಳಿದದ್ದನ್ನು ಇರುವೆ ಮುಗಿಸಿತು. ತೊಟ್ಟಿ, ಕೂಲಿ, ಅಂಗಡಿಯ ಪುಡಿ ಎಲ್ಲಾ ಸೇರಿ ಐದಾರು ಸಾವಿರ ನೀರಿಗೆ ಹೋಯಿತು.

ಈಗ ಎಲ್ಲಾ ನೆಲದ ಮೇಲೆಯೇ. ಮೂರಡಿ ಉದ್ದ, ಅಗಲ, ಎತ್ತರದ, ರೀಪರ್ (ಮರದ ಪಟ್ಟಿ) ಬಡಿದ ಪೆಟ್ಟಿಗೆ, ಅಕ್ಕಪಕ್ಕ ಎರಡು. ಅಡಿಯಲ್ಲಿ ಕಪಾತಿನಲ್ಲಿ ಕತ್ತರಿಸಿದ ಕಾಫಿ ರೆಂಬೆ, ಗಾಳಿ ಆಡಲಿಕ್ಕೆ. ಮೇಲೆ ಹಳೆ ತಗಡು, ಸುತ್ತ ಎರಡಡಿ ಹೊರಗೆ ಚಾಚಿರಬೇಕು. ನಮ್ಮ ಮಳೆ ನೇರ ಬೀಳುವುದಿಲ್ಲ, ಗಾಳಿ ಜೊತೆ ಅಡ್ಡ ಹೊಡೆಯುತ್ತದೆ.

ಅಸಲಿ ಕೆಲಸ ಇರುವುದು ಮಾರ್ಚ್‌ನಲ್ಲಿ. ತೋಟದ ಸಿಲ್ವರ್ ಓಕ್ ಮರದ ಎಲೆ ಗುಡಿಸಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಅಟ್ಟಕ್ಕೆ ಹಾಕಿಬಿಡಿ. ಮೂವತ್ತು ಚೀಲವಾದರೂ ಬೇಕು, ಜುಲೈಯಲ್ಲಿ ಒಣ ಎಲೆ ಚಿನ್ನ ಕೊಟ್ಟರೂ ಸಿಗುವುದಿಲ್ಲ. ಆದರೆ ಸಿಲ್ವರ್ ಎಲೆ ಹಾಗೇ ಹಾಕಿದರೆ ವರ್ಷವಾದರೂ ಕರಗದು. ಆ ಹಳೆ ಡ್ರಮ್ಮಿಗೆ ಎಲೆ ಸುರಿದು ಕಳೆ ಕೊಚ್ಚುವ ವೀಡ್ ಕಟರ್ ಯಂತ್ರ ಇಳಿಸುತ್ತೇನೆ. ಎರಡು ನಿಮಿಷಕ್ಕೆ ಪುಡಿ. ಕಣ್ಣಿಗೆ ಕನ್ನಡಕ ಇರಲಿ.

ಅಡುಗೆಮನೆ ಕಸ ಒಂದು ಬಕೆಟ್‌ಗೆ ಎಲೆಪುಡಿ ಎರಡೂವರೆ, ಮೇಲೆ ಚೊಂಬು ಸಗಣಿ ನೀರು. ಆ ನೀರಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ಹೇಳುತ್ತೇನೆ. ಕಣಿಲೆ (ಎಳೆ ಬಿದಿರು) ಸಿಪ್ಪೆಯನ್ನು ಕೊಚ್ಚಿಯೇ ಹಾಕಿ. ತೋಟಕ್ಕೆ ನೆರಳು ಕೊಡುವ ಹಾಲುವಾಣ ಮರದ ಹಸಿ ಸೊಪ್ಪು ಸಿಕ್ಕರೆ ಮೂರ್ನಾಲ್ಕು ದಿನದಲ್ಲೇ ಕಾವು ಏರುತ್ತದೆ. ಮೂಳೆ ಬೇಡ, ನಾಯಿ ಕೆದಕುತ್ತದೆ. ಸಿದ್ದಾಪುರದ ಹಾಗೆ ಆನೆ ಓಡಾಡುವ ಕಡೆ ಹಲಸಿನ ಕಸವನ್ನಂತೂ ಹಾಕಲೇಬೇಡಿ.

ಕಾವು ನೋಡಲು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಡುತ್ತೇನೆ. ಕಾಲು ಗಂಟೆ ಬಿಟ್ಟು ಎಳೆದರೆ ತುದಿ ಹಿಡಿಯಲಾಗಬಾರದು. 55–60 ಡಿಗ್ರಿ ಇರಬಹುದು. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಸರಳು ಮುಟ್ಟಿದ ಮಾವ ಕೈ ಕೊಡವಿಕೊಂಡು ಸುಮ್ನೆ ಹೋದರು. ಮರುವಾರ ಅವರ ಹಿತ್ತಲಲ್ಲೂ ರೀಪರ್ ಬಂದು ಬಿತ್ತು!

ಪೆಟ್ಟಿಗೆಗೆ ಖರ್ಚು ಎರಡು ಸಾವಿರದೊಳಗೆ, ತಗಡು ಮನೆಯದ್ದೇ. ವರ್ಷಕ್ಕೆ ಏಳೆಂಟು ಚೀಲ ಗೊಬ್ಬರ ಸಿಗುತ್ತದೆ, ಮನೆ ಸುತ್ತಲಿನ ಮೆಣಸಿನ ಬಳ್ಳಿಗೆ ಈಗ ಅಂಗಡಿ ಗೊಬ್ಬರ ತರುವುದಿಲ್ಲ.

ಗೊಣ್ಣೆಹುಳು ಸೇರಿಕೊಂಡರೆ ಆರಿಸಿ ಕೋಳಿಗೆ ಹಾಕಿ. ಮೂರನೇ ಪೆಟ್ಟಿಗೆಯಲ್ಲಿ ಬರೀ ಕಾಫಿ ಹೊಟ್ಟು ಹಾಕಿ ನೋಡುತ್ತಿದ್ದೇನೆ. ಒಣ ಹೊಟ್ಟು ಸುಲಭಕ್ಕೆ ನೀರು ಕುಡಿಯುವುದಿಲ್ಲ, ಎರಡು ದಿನ ಸಗಣಿ ನೀರಲ್ಲಿ ನೆನೆಸಿದ ಮೇಲೆ ಸ್ವಲ್ಪ ಬಿಸಿಯಾಗಿದೆ. ಇನ್ನೂ ಬಳ್ಳಿಯ ಬುಡಕ್ಕೆ ಹಾಕಿಲ್ಲ.